ಪೂಜೆಯಾಗದ ಗಾಡಿ

ಈ ಸಲದ ಯುಗಾದಿ ಕಾರ್ಯಕ್ರಮದಲ್ಲಿ ಟ್ರ್ಯಾಕ್ಟರ್ ಕಥೆ ಹೇಳುವುದಿಲ್ಲ ಎಂದು ನಿನ್ನೆ ಸದಾನಂದರಿಗೆ ಫೋನಿನಲ್ಲಿ ಹೇಳಿಬಿಟ್ಟೆ. "ಎಂತ ಉಮಾವತಿಯವರೇ, ಹೀಗೆ ಹೇಳಿದರೆ ಹೇಗೆ ಮಾರಾಯ್ರೆ? ಹೋದ ವರ್ಷ ನೀವು ಆ ಕಥೆ ಹೇಳಿದ್ದಕ್ಕೇ ಒಂದೇ ಸಂಜೆಯಲ್ಲಿ ಗಾಡಿಯ ದುಡ್ಡು ಬಂತು. ಈಗ ಎರಡನೇ ಗಾಡಿ ತೆಗೀಲಿಕ್ಕುಂಟು. ಜನರ ಕಣ್ಣಲ್ಲಿ ಸ್ವಲ್ಪ ನೀರು ಬರಬೇಕಲ್ಲ?" ಎಂದರು.

ಕಣ್ಣಲ್ಲಿ ನೀರು ಬರಬೇಕಂತೆ! ಮೈಯೆಲ್ಲ ಉರಿದುಹೋಯಿತು. ಏನಾದರೂ ಅಂದುಬಿಡುತ್ತೇನೆ ಎಂದು ಹೆದರಿ, ಒಲೆಯ ಮೇಲೆ ಹಾಲಿದೆ ಎಂದು ಸುಳ್ಳು ಹೇಳಿ ಫೋನ್ ಇಟ್ಟೆ.

ಸದಾನಂದರು ಮಂಗಳೂರಿನ ಕಡೆಯವರು. ಸ್ಯಾನ್ ಡಿಯೇಗೊದಲ್ಲಿ ಮೂರು ಮೋಟೆಲ್ ಇಟ್ಟಿದ್ದಾರೆ. ನಮ್ಮ ಕನ್ನಡ ಬಳಗದ ಅಧ್ಯಕ್ಷರು. ನಾನು ಕಾರ್ಯದರ್ಶಿ. ಕಾರ್ಕಳದವಳು, ಈಗ ನಾರ್ತ್‌ರಿಜ್‌ನಲ್ಲಿ ಮನೆ, ಹದಿನಾರು ವರ್ಷದಿಂದ ಇಲ್ಲಿನ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿನಲ್ಲಿ ನರ್ಸ್. ಮದುವೆಗೆ ಮೊದಲು ಎರಡು ವರ್ಷ ರಾಯಚೂರು ಸೀಮೆಯ ಗುಡ್ಡದಹಾಳ ಎಂಬ ಊರಿನಲ್ಲಿ ಸರ್ಕಾರಿ ನರ್ಸ್ ಆಗಿದ್ದೆ. ಟ್ರ್ಯಾಕ್ಟರ್ ಕಥೆ ಅಲ್ಲಿಯದು. ಅದನ್ನು ಎಷ್ಟು ಸಲ, ಎಷ್ಟು ಜಂಬದಿಂದ ಹೇಳಿದ್ದೇನೋ ನನಗೇ ಲೆಕ್ಕವಿಲ್ಲ.

ಅದು ಎಂಬತ್ತಾರನೇ ಇಸವಿ. ನಮ್ಮ ಉಪಕೇಂದ್ರದ ಆಯಾ ಶಿವಬಸವ್ವನಿಗೇ ಹೆರಿಗೆ ನೋವು ಬಂದಿತ್ತು. ಒಂದು ಹಗಲು, ಒಂದು ರಾತ್ರಿ ಕಳೆದರೂ ಹೆರಿಗೆಯಾಗಲಿಲ್ಲ. ಮಗು ಅಡ್ಡಲಾಗಿತ್ತು, ಕೈ ಮೊದಲು ಬಂದಿತ್ತು. ತಾಲ್ಲೂಕು ಆಸ್ಪತ್ರೆಗೆ ನಲವತ್ತೆರಡು ಕಿಲೋಮೀಟರು. ಬಸ್ಸು ಹೋಗಿಯಾಗಿತ್ತು. ಊರಿನಲ್ಲಿದ್ದ ಒಂದೇ ಒಂದು ಗಾಡಿ ಎಂದರೆ ಗೌಡರ ಟ್ರ್ಯಾಕ್ಟರು. ಗೌಡರು ಊಟ ಮುಗಿಸಿ ಮಲಗಿದ್ದರು. "ಗೌಡ್ರನ್ನ ಕೇಳಬೇಕ್ರಿ" ಎಂದು ಡ್ರೈವರು ಕೈ ಹಿಸುಕಿಕೊಂಡ. "ಕೇಳೋದು ಆಮೇಲೆ, ಮೊದಲು ಸ್ಟಾರ್ಟ್ ಮಾಡು!" ಎಂದು ಗದರಿದೆ. ಟ್ರೈಲರಿನಲ್ಲಿ ಜೋಳದ ಸೊಪ್ಪೆ ಹಾಸಿ ಶಿವಬಸವ್ವನನ್ನು ಮಲಗಿಸಿ ಪಕ್ಕದಲ್ಲಿ ನಾನು ಕೂತೆ. ತಲುಪಲು ಮೂರು ಗಂಟೆ ಹಿಡಿಯಿತು. ತಾಯಿ ಉಳಿದಳು, ಮಗುವೂ ಉಳಿಯಿತು, ಹೆಣ್ಣು. ಮರುದಿನ ಗೌಡರು ಉಪಕೇಂದ್ರದ ಬಾಗಿಲಿಗೆ ಬಂದು ಕೂಗಾಡಿದರು, ನಾನೂ ಬಿಡದೆ ಕೂಗಾಡಿದೆ. ಇಪ್ಪತ್ತಮೂರು ವರ್ಷ ವಯಸ್ಸು, ಮೈಯೆಲ್ಲ ಬಾಯಿ. ಮಗುವಿಗೆ ರೇಖಾ ಎಂದು ಹೆಸರಿಟ್ಟವಳೂ ನಾನೇ.

"ಕೇಳೋದು ಆಮೇಲೆ" ಎನ್ನುವ ಜಾಗಕ್ಕೆ ಬಂದಾಗ ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ. ಪ್ರತಿ ಸಲವೂ ಬಿದ್ದಿದೆ. ಹೋದ ವರ್ಷದ ಯುಗಾದಿಗೆ ಬಿದ್ದ ಚಪ್ಪಾಳೆಯಂತೂ ಬಹಳ ಹೊತ್ತಿನವರೆಗೆ ನಿಲ್ಲಲೇ ಇಲ್ಲ. ಆ ಊರಿನ ಬಸುರಿಯರಿಗೆ ಇವತ್ತಿಗೂ ಗತಿ ಅದೇ, ಕಟ್ಟಡ ಬೇಡ, ಯಂತ್ರ ಬೇಡ, ಒಂದು ಗಾಡಿ ಮತ್ತು ಸಂಬಳದ ಒಬ್ಬ ಡ್ರೈವರ್ ಇದ್ದರೆ ಸಾಕು ಎಂದೆ. ಸದಾನಂದರು ಎದ್ದು ನಿಂತು, ಅರ್ಧ ಖರ್ಚು ನನ್ನದು, ನನ್ನ ತಾಯಿಯ ಹೆಸರಿನಲ್ಲಿ ಎಂದರು. ಉಳಿದ ಅರ್ಧ ಪಾಯಸ ಬಡಿಸುವುದರೊಳಗೆ ಬಂತು. ಸದಾನಂದರನ್ನು ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ಕೆಟ್ಟವರಾಗಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು!

ಆಗಸ್ಟಿನಲ್ಲಿ ಬಿಳಿಯ ವ್ಯಾನು ಗುಡ್ಡದಹಾಳಕ್ಕೆ ಬಂತು. ಕರಿಬಸಪ್ಪ ಎಂಬ ಊರಿನವನನ್ನೇ ಡ್ರೈವರ್ ಮಾಡಿದೆವು. ಅವತ್ತು ಶಿವಬಸವ್ವ ಅವನ ಮೊಬೈಲಿನಿಂದ ನನ್ನ ಜೊತೆ ಮಾತಾಡಿದಳು. ರೇಖಾಗೆ ಮದುವೆಯಾಗಿ ವರ್ಷವಾಗಿತ್ತು, ಈಗ ಆರು ತಿಂಗಳ ಬಸುರಿ. ಗಂಡನ ಮನೆ ತಾಲ್ಲೂಕು ಊರಿನಲ್ಲಿಯೇ, ಆಸ್ಪತ್ರೆಯಿಂದ ಎರಡು ಓಣಿ ಆಚೆ. "ಚೊಚ್ಚಲ ಬಾಣಂತನ ತವರಾಗ ಆಗಬೇಕಂತ ನನಗಾಸಿ ಐತ್ರಿ ನರ್ಸಮ್ಮ. ಬೀಗರು, ದವಾಖಾನಿ ಇಲ್ಲೇ ಐತಿ, ಇಲ್ಲೇ ಇರಲಿ ಅಂತಾರ. ನೀವೇನ್ ಅಂತೀರಿ?" ಎಂದು ಕೇಳಿದಳು.

"ಕರಕೊಂಡು ಬಾ ಶಿವಬಸವ್ವ. ಈಗ ಮನೆ ಮುಂದೆ ಗಾಡಿಯೇ ಇದೆಯಲ್ಲ, ಇನ್ನೇನು ಹೆದರಿಕೆ?" ಎಂದೆ.

ಹಾಗೆ ಹೇಳಿದವಳು ನಾನು. ಶಿವಬಸವ್ವ ಮಗಳನ್ನು ತವರಿಗೆ ಕರೆತಂದಳು.

ಸದಾನಂದರ ಒಂದು ಪದ್ಧತಿಯ ವಿಷಯ ಇಲ್ಲಿ ಹೇಳಬೇಕು. ಪೂಜೆಯಾಗದ ಗಾಡಿಯನ್ನು ಅವರು ರಸ್ತೆಗೆ ಇಳಿಸುವುದಿಲ್ಲ. ನಾವೆಲ್ಲ ಹೊಸ ಕಾರನ್ನು ಓಡಿಸಿಕೊಂಡೇ ಕ್ಯಾಲಬಾಸಸ್ ದೇವಸ್ಥಾನಕ್ಕೆ ಹೋಗಿ, ಚಕ್ರಕ್ಕೆ ನಿಂಬೆಹಣ್ಣಿಟ್ಟು ಪೂಜೆ ಮಾಡಿಸಿ ಬರುತ್ತೇವೆ. ಅವರು ಹಾಗಲ್ಲ. ಹೋದ ಸಲ ಕಾರು ಕೊಂಡಾಗ ಅದನ್ನು ಸ್ಯಾನ್ ಡಿಯೇಗೊದಿಂದ ನೂರ ಮೂವತ್ತು ಮೈಲಿ ಲಾರಿಯ ಮೇಲೆ ಹೇರಿಸಿಕೊಂಡು ತಂದಿದ್ದರು! ದೇವಸ್ಥಾನದ ಪಾರ್ಕಿಂಗಿನಲ್ಲಿ ಅದನ್ನು ಇಳಿಸುವಾಗ ನಾನೂ ನಿಂತು ನಕ್ಕಿದ್ದೆ. ಅವರ ತಂದೆ ಹೊಸ ಲಾರಿಯನ್ನು ಪೂಜೆಗೆ ಮೊದಲೇ ಘಾಟಿಗೆ ಒಯ್ದು ತೀರಿಕೊಂಡರಂತೆ. ಅದು ಗೊತ್ತಾದ ಮೇಲೆ ನಗುವುದನ್ನು ಬಿಟ್ಟೆ.

ಗುಡ್ಡದಹಾಳದ ವ್ಯಾನಿನ ಪೂಜೆಯನ್ನು ತಾವೇ ಹೋಗಿ ಮಾಡಬೇಕು ಎಂದು ಸದಾನಂದರು ಹಟ ಹಿಡಿದರು. ಮಕ್ಕಳಿಗೆ ಶಾಲೆಯ ರಜೆ ಡಿಸೆಂಬರಿನಲ್ಲಿ. ಹನ್ನೊಂದು ಮನೆಯವರು ಒಟ್ಟಿಗೆ ಹೋಗುವುದು, ಇಪ್ಪತ್ತೆಂಟಕ್ಕೆ ಉದ್ಘಾಟನೆ ಎಂದು ತೀರ್ಮಾನವಾಯಿತು. ನಾಲ್ಕು ತಿಂಗಳು ಗಾಡಿ ಸುಮ್ಮನೆ ನಿಲ್ಲುತ್ತದಲ್ಲ ಎಂದು ನಾನು ಒಂದು ಮಾತು ಹೇಳಿದೆ. ಒಂದೇ ಮಾತು. ರೇಖಾಳ ದಿನ ನವೆಂಬರ್ ಎರಡನೇ ವಾರ ಎಂಬುದು ನನಗೆ ಗೊತ್ತಿತ್ತು, ಬೆರಳಲ್ಲಿ ಎಣಿಸಿಯೂ ನೋಡಿದ್ದೆ. ಗಟ್ಟಿ ಹುಡುಗಿ, ಏನಾಗುತ್ತದೆ, ಹಾಗೇನಾದರೂ ಬಂದರೆ ಆಗ ನೋಡಿಕೊಳ್ಳೋಣ ಎಂದುಕೊಂಡೆ. ನನ್ನ ಮಗಳು ಶ್ರದ್ಧಾಗೂ ಆ ಊರು ತೋರಿಸಬೇಕು, ನಾನು ಯಾರೆಂದು ಅವಳಿಗೂ ಗೊತ್ತಾಗಲಿ ಎಂಬ ಆಸೆ ಇತ್ತು. ನಾನೂ ಡಿಸೆಂಬರಿಗೇ ರಜೆ ಬರೆದುಕೊಟ್ಟೆ.

ಅಷ್ಟರಲ್ಲಿ ಪಂಚಾಯ್ತಿಯ ಯಾರೋ ಪುಣ್ಯಾತ್ಮ ಮದುವೆ ದಿಬ್ಬಣಕ್ಕೆ ವ್ಯಾನು ಕೊಡು ಎಂದು ಕರಿಬಸಪ್ಪನ ಮೇಲೆ ಜೋರು ಮಾಡಿದ. ಸುದ್ದಿ ಕೇಳಿ ನನಗೆ ಪಿತ್ತ ನೆತ್ತಿಗೇರಿತು. ಬಳಗದ ಕಾಗದದ ಮೇಲೆ ನನ್ನ ಕೈಯಾರೆ, ದಪ್ಪ ಅಕ್ಷರದಲ್ಲಿ ಬರೆದು ಕಳಿಸಿದೆ: ಉದ್ಘಾಟನೆಗೆ ಮೊದಲು ಯಾವ ಕಾರಣಕ್ಕೂ ಗಾಡಿ ಹೊರತೆಗೆಯಬಾರದು. ಕೆಳಗೆ ಸಹಿ, ಮೊಹರು. ಕರಿಬಸಪ್ಪ ಅದನ್ನು ಶೆಡ್ಡಿನ ಬಾಗಿಲಿಗೆ ಅಂಟಿಸಿದ.

ಇನ್ನೊಂದು ನಡೆಯಿತು. ಗಾಡಿಯ ಮೈಮೇಲೆ "ಬಸುರಿಯರಿಗೆ ಉಚಿತ" ಎಂದು ದೊಡ್ಡದಾಗಿ ಬರೆಸು ಎಂದು ನಾನೇ ಕರಿಬಸಪ್ಪನಿಗೆ ಹೇಳಿದ್ದೆ. ಅದು ದೊಡ್ಡದಾದ ಮೇಲೆ ಸದಾನಂದರ ತಾಯಿಯ ಹೆಸರು ಸಣ್ಣದಾಯಿತು. ಫೋಟೋ ನೋಡಿ ಅವರು ಮುಖ ಊದಿಸಿಕೊಂಡರು. "ನನ್ನನ್ನೊಂದು ಮಾತು ಕೇಳಬಹುದಿತ್ತು" ಎಂದು ಎಲ್ಲರಿಗೂ ಇಮೇಲ್ ಹಾಕಿದರು. ಸೆಪ್ಟೆಂಬರಿನ ಸಭೆಯಲ್ಲಿ ಹನ್ನೊಂದು ಜನ ಫೋನಿನಲ್ಲೇ ಸೇರಿ ನನಗೆ ಬುದ್ಧಿ ಹೇಳಿದರು. ಇನ್ನು ಮುಂದೆ ಅಧ್ಯಕ್ಷರನ್ನು ಕೇಳದೆ ಒಂದು ಹುಲ್ಲುಕಡ್ಡಿಯನ್ನೂ ಎತ್ತಿಡುವುದಿಲ್ಲ ಎಂದು ಅಷ್ಟೂ ಜನರ ಮುಂದೆ ಮಾತು ಕೊಟ್ಟೆ. ಗೌಡರ ಮೇಲೆ ಕೂಗಾಡಿದ ಆ ಬಾಯಿಯೇ ಈ ಮಾತನ್ನೂ ಆಡಿತು.

ಅಕ್ಟೋಬರ್ ಇಪ್ಪತ್ತೆರಡು, ಸೋಮವಾರ. ಹಿಂದಿನ ದಿನದಿಂದ ಬಿಸಿಗಾಳಿ. ನಮ್ಮ ಹತ್ತಿರದ ಮಾಲಿಬುವಿನಲ್ಲೂ ಬೆಂಕಿ, ಸ್ಯಾನ್ ಡಿಯೇಗೊ ಕಡೆಯಂತೂ ಗುಡ್ಡಕ್ಕೆ ಗುಡ್ಡವೇ ಉರಿಯುತ್ತಿತ್ತು. ಬೆಳಗಾಗುವ ಮೊದಲೇ ಸದಾನಂದರ ಬಡಾವಣೆಯನ್ನು ಖಾಲಿ ಮಾಡಿಸಿದ್ದಾರೆ ಎಂದು ಟಿವಿಯಲ್ಲಿ ನೋಡಿದೆ. ನಮ್ಮ ಹಿತ್ತಲಿನಲ್ಲೂ ಹೊಗೆಯ ವಾಸನೆ. ಏಳು ಗಂಟೆಗೆ ಶ್ರದ್ಧಾಳಿಗೆ ತಿಂಡಿ ಕೊಡುತ್ತಿದ್ದಾಗ ಫೋನು ಬಂತು. ಕರಿಬಸಪ್ಪ. ಅಲ್ಲಿ ಸಂಜೆ ಏಳೂವರೆ.

"ಅಕ್ಕಾರ, ಶಿವಬಸವ್ವನ ಮಗಳಿಗೆ ಕೈಕಾಲು ಸೆಟೆದಾವ್ರಿ. ಬಾಯಾಗ ನೊರಿ ಬಂದೈತಿ. ಮುಂಜಾನಿಂದ ತಲಿನೋವು ಅಂತಿದ್ಳು, ಕಣ್ಣು ಮಂಜು ಅಂತಿದ್ಳು. ಊರಿನ ನರ್ಸು ಮೀಟಿಂಗಿಗಂತ ರಾಯಚೂರಿಗೆ ಹೋಗ್ಯಾರ. ಕಡೀ ಬಸ್ಸು ಹೋತು, ಟಂಟಂ ಒಂದೂ ಇಲ್ಲ. ಗಾಡಿ ತೆಗೀಲೇನ್ರಿ?"

ನನಗೆ ಅರ್ಥವಾಯಿತು. ಬಸುರಿಯಲ್ಲಿ ರಕ್ತದೊತ್ತಡ ಏರಿ ಫಿಟ್ಸ್ ಬಂದಿದೆ. ಇಲ್ಲಿ ನಮ್ಮ ವಾರ್ಡಿನಲ್ಲಿ ಹಾಗಾದರೆ ಗಂಟೆ ಒತ್ತಿದ ಕೂಡಲೇ ಐದಾರು ಜನ ಓಡಿ ಬರುತ್ತಾರೆ. ಪ್ರತಿ ನಿಮಿಷಕ್ಕೂ ಬೆಲೆಯಿದೆ ಎಂದು ಹೊಸ ಹುಡುಗಿಯರಿಗೆ ಪಾಠ ಹೇಳುವವಳು ನಾನು. "ತೆಗಿ, ಓಡು" ಎನ್ನಬೇಕಿತ್ತು. ಎರಡೇ ಮಾತು.

"ಎರಡು ನಿಮಿಷ ಇರು ಕರಿಬಸಪ್ಪ, ಅಧ್ಯಕ್ಷರನ್ನು ಒಂದು ಮಾತು ಕೇಳಿ ಹೇಳ್ತೀನಿ" ಎಂದೆ.

ಸದಾನಂದರ ಮೊಬೈಲಿಗೆ ಹಚ್ಚಿದೆ. ತೆಗೆಯಲಿಲ್ಲ. ಅವರ ಹೆಂಡತಿಯ ಫೋನು ಬಂದ್. ಮೂರೂ ಮೋಟೆಲಿಗೆ ಹಚ್ಚಿದೆ, ಎಲ್ಲ ಕಡೆ ಲೈನ್ ಬಿಜಿ, ಮನೆಮಠ ಬಿಟ್ಟು ಬಂದ ಜನ ರೂಮು ಕೇಳುತ್ತಿದ್ದರೇನೋ. ಮತ್ತೆ ಮೊಬೈಲಿಗೆ. ಮತ್ತೆ. ನಡುವೆ ಕರಿಬಸಪ್ಪ ಫೋನ್ ಮಾಡಿದ, ಎರಡನೇ ಸಲ ಸೆಟೆದುಕೊಂಡಳಂತೆ. ಎಡ ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ನೀರು ಕುಡಿಸಬೇಡಿ ಎಂದೆಲ್ಲ ದೊಡ್ಡ ಪಂಡಿತೆಯ ಹಾಗೆ ಹೇಳಿಕೊಟ್ಟೆ. "ಗಾಡಿ ತೆಗೀಲೇನ್ರಿ?" ಎಂದು ಮತ್ತೆ ಕೇಳಿದ. "ಇನ್ನೊಂದೈದು ನಿಮಿಷ" ಎಂದೆ. ಅವನ ಹಿಂದೆ ಶಿವಬಸವ್ವ ಮಗಳ ಹೆಸರು ಹಿಡಿದು ಕೂಗುವುದು ಕೇಳುತ್ತಿತ್ತು.

ಶ್ರದ್ಧಾ ಚಮಚ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದಳು. ಹದಿನೇಳು ವರ್ಷದ ಹುಡುಗಿ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಆಡುವುದು ಮಾತ್ರ ಇಂಗ್ಲಿಷು. "ಅಮ್ಮಾ, ಜಸ್ಟ್ ಟೆಲ್ ಹಿಮ್ ಟು ಗೋ! ವೈ ಡು ಯೂ ನೀಡ್ ಸದಾನಂದ ಅಂಕಲ್?" ಎಂದಳು.

"ಸುಮ್ಮನಿರು, ನಿನಗೆ ಇದೆಲ್ಲ ಗೊತ್ತಾಗಲ್ಲ" ಎಂದು ಅವಳ ಬಾಯಿ ಮುಚ್ಚಿಸಿದೆ.

ಥೂ, ನನ್ನ ಬಾಯಿಗಿಷ್ಟು! ಗೊತ್ತಾಗದಿದ್ದದ್ದು ಯಾರಿಗೆ?

ಏಳು ಐವತ್ತಕ್ಕೆ ಸದಾನಂದರು ಫೋನ್ ತೆಗೆದರು. ಜನರನ್ನೆಲ್ಲ ಫುಟ್‌ಬಾಲ್ ಸ್ಟೇಡಿಯಮ್ಮಿಗೆ ಕಳಿಸಿದ್ದರಂತೆ, ಅಲ್ಲಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರದೇ ಶುರುವಾಯಿತು. "ಏನು ವ್ಯವಸ್ಥೆ ಗೊತ್ತುಂಟಾ ಉಮಾವತಿಯವರೇ! ಗೇಟೆಲ್ಲ ತೆರೆದು ಹಾಕಿದ್ದಾರೆ, ಹೆಸರು ಕೂಡ ಕೇಳಲಿಲ್ಲ. ಕಂಬಳಿ, ಕಾಫಿ, ನಾಯಿಗೂ ನೀರು ಇಟ್ಟಿದ್ದಾರೆ. ಅಲ್ಲೊಬ್ಬಳು ಬಸುರಿ ಹೆಂಗಸನ್ನು ನೋಡಲಿಕ್ಕೆ ಡಾಕ್ಟ್ರೇ ಓಡಿ ಬಂದರು." ಅವರನ್ನು ತಡೆದು ವಿಷಯ ಹೇಳಿದೆ.

ಅವರು ಅರ್ಧ ಕ್ಷಣವೂ ಯೋಚಿಸಲಿಲ್ಲ. "ತೆಗೀಲಿಕ್ಕೆ ಹೇಳಿ ಮಾರಾಯ್ರೆ! ಇದಕ್ಕೂ ನನ್ನನ್ನು ಕೇಳಬೇಕಾ? ನೀವು ನರ್ಸಲ್ವಾ? ಪೂಜೆ ಯಾರಿಗೆ ಬೇಕು ಈಗ!" ಎಂದರು.

ಆ ಐವತ್ತು ನಿಮಿಷ ಅವರದಲ್ಲ, ನನ್ನದು. ಅವರು ಬೇಡ ಎಂದಿದ್ದರೆ ಇವತ್ತು ಅವರನ್ನು ಬೈದುಕೊಂಡಾದರೂ ನಿದ್ದೆ ಮಾಡುತ್ತಿದ್ದೆ.

ಕರಿಬಸಪ್ಪ ಗಾಡಿ ತೆಗೆದ. ಹೊಸ ಗಾಡಿ, ಚೆನ್ನಾಗಿ ಓಡಿತಂತೆ. ಮೂವತ್ತೊಂದನೇ ಕಿಲೋಮೀಟರಿಗೆ ಶಿವಬಸವ್ವ ಹಿಂದಿನಿಂದ "ಇನ್ನ ಜೋರ ಹೊಡೀಬ್ಯಾಡಪ್ಪ" ಎಂದಳಂತೆ. ಆದರೂ ಅವನು ಜೋರಾಗಿಯೇ ಹೊಡೆದ. ಆಸ್ಪತ್ರೆಯ ಡಾಕ್ಟರು ನೋಡಿ, ತಾಯಿ ಮಗು ಇಬ್ಬರೂ ಇಲ್ಲ, ಒಂದು ಗಂಟೆ ಮೊದಲು ತಂದಿದ್ದರೆ ಆಗುತ್ತಿತ್ತು ಎಂದರಂತೆ. ಎರಡು ಓಣಿ ಆಚೆಗೆ ಅವಳ ಗಂಡನ ಮನೆ. ಅಲ್ಲಿಗೆ ಸುದ್ದಿ ಹೇಳಲು ಕರಿಬಸಪ್ಪ ನಡೆದೇ ಹೋದ.

ನನ್ನ ಡಿಸೆಂಬರಿನ ಟಿಕೆಟ್ಟು ರದ್ದು ಮಾಡಿಸಿದೆ. ಉಳಿದವರು ಹೋಗಿ ಬಂದರು. ಜನವರಿಯಲ್ಲಿ ಸದಾನಂದರು ಮನೆಯಲ್ಲಿ ಎಲ್ಲರಿಗೂ ಊಟ ಹಾಕಿ ಫೋಟೋ ತೋರಿಸಿದರು. ಅವರ ಮನೆ ಉಳಿದಿತ್ತು, ಎಡಕ್ಕಿದ್ದ ಮನೆಯ ಜಾಗದಲ್ಲಿ ಬರೀ ಚಿಮಣಿ ನಿಂತಿತ್ತು. ದೊಡ್ಡ ಟಿವಿಯ ಮೇಲೆ ಒಂದೊಂದೇ ಚಿತ್ರ ಬಂತು. ವ್ಯಾನಿಗೆ ಸೇವಂತಿಗೆ ಹಾರ. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು. ಸದಾನಂದರು ತೆಂಗಿನಕಾಯಿ ಒಡೆಯುತ್ತಿದ್ದಾರೆ. ಅವರ ತಾಯಿಯ ಹೆಸರನ್ನು ಈಗ ದೊಡ್ಡದು ಮಾಡಿಸಿದ್ದರು. "ಅದೊಂದು ಘಟನೆಯನ್ನು ಅಲ್ಲಿ ಯಾರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಪೂಜೆಗೆ ಮೊದಲು ಒಂದು ಶಾಂತಿ ಮಾಡಿಸಿದೆವು" ಎಂದು ಸದಾನಂದರು ಮೆಲ್ಲಗೆ ನನ್ನ ಪಕ್ಕ ಬಂದು ಹೇಳಿದರು. ಅವರ ಕಣ್ಣೂ ಒದ್ದೆಯಾಗಿತ್ತು. ಅಷ್ಟರಲ್ಲಿ ಮುಂದಿನ ಚಿತ್ರ ಬಂತು. ಊರಿನ ಹೆಂಗಸರು ಆರತಿ ತಟ್ಟೆ ಹಿಡಿದು ಸಾಲಾಗಿ ನಿಂತಿದ್ದಾರೆ. ಕೊನೆಯಲ್ಲಿ ನಿಂತವಳು ಶಿವಬಸವ್ವ. ಅವಳ ಕೈಗೂ ಯಾರೋ ಒಂದು ತಟ್ಟೆ ಕೊಟ್ಟಿದ್ದರು.

ಮೂರು ತಿಂಗಳಿಂದ ನಾನು ಅವಳಿಗೆ ಒಂದು ಫೋನ್ ಮಾಡಿರಲಿಲ್ಲ. ಏನು ಮುಖವಿಟ್ಟುಕೊಂಡು ಮಾಡಲಿ? ಆ ಚಿತ್ರ ನೋಡಿದ ಮೇಲೆ ಮಾಡದೆ ಇರಲೂ ಆಗಲಿಲ್ಲ. ಮರುದಿನ ಕರಿಬಸಪ್ಪನಿಗೆ ಹಚ್ಚಿ, ಅವಳಿಗೆ ಕೊಡು ಎಂದೆ.

"ಆರಾಮ ಅದೀರೇನ್ರಿ ನರ್ಸಮ್ಮ? ಅಲ್ಲಿ ಬೆಂಕಿ ಬಿದ್ದಿತ್ತಂತ, ಮನಿಮಾರು ಎಲ್ಲ ಸುದ್ದ ಅದಾವೇನ್ರಿ?" ಎಂದು ಅವಳೇ ನನ್ನನ್ನು ವಿಚಾರಿಸಿದಳು. ನಾನು ಅತ್ತೆ.

"ಗಾಡಿ ಚಲೋ ಐತ್ರಿ" ಎಂದಳು ಆಮೇಲೆ. "ಪೂಜಿ ಆದಮ್ಯಾಲ ಏಳು ಮಂದೀನ ಒಯ್ದೈತಿ. ಏಳೂ ಮಂದಿ ಕೂಸು ಎತ್ಗೊಂಡು ಬಂದಾರ. ನಾನೂ ಜೋಡಿ ಹೋಗ್ತೀನ್ರಿ, ಒಬ್ಬಾಕಿ ಹೆಣ್ಮಗಳು ಜೋಡಿ ಇರಬೇಕಲ್ಲ." ಮತ್ತೆ, "ಒಂದ್ ಮಾತ ಕೇಳ್ಲೇನ್ರಿ?" ಎಂದಳು.

"ಕೇಳು."

"ಅವತ್ತ ನನ್ನ ಟ್ಯಾಕ್ಟರಿನ್ಯಾಗ ಹಾಕ್ಕೊಂಡು ಹೋದ್ರಲ್ಲ, ಗೌಡ್ರನ್ನ ಕೇಳಿದ್ರೇನ್ರಿ?"

"ಇಲ್ಲ" ಎಂದೆ.

"ಹೂನ್ರಿ, ನನಗೂ ಕೇಳಿದ್ದು ನೆನಪಿಲ್ಲ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಗೊತ್ತಿಲ್ಲದ್ದನ್ನು ಕೇಳಿ ತಿಳಿದುಕೊಳ್ಳುವವರ ಹಾಗೆ ಕೇಳಿದಳು. "ಮತ್ತ ನನ್ನ ಮಗಳ ಸಲುವಾಗಿ ಯಾಕ ಕೇಳಾಕ ಹೋದ್ರಿ?"

ಅಷ್ಟರಲ್ಲಿ ಅಲ್ಲಿ ಯಾರೋ ಓಡಿ ಬಂದು ಏನೋ ಹೇಳಿದ್ದು ಕೇಳಿಸಿತು. ಕರಿಬಸಪ್ಪ ಫೋನ್ ಇಸಿದುಕೊಂಡ. ಕೆಳಗಿನ ಓಣಿಯಲ್ಲಿ ಒಬ್ಬಳಿಗೆ ನೋವು ಬಂದಿದೆ, ಹೊರಡಬೇಕು ಎಂದ.

"ಹೋಗು, ಹೋಗು" ಎಂದೆ. "ಯಾರನ್ನೂ ಕೇಳ್ತಾ ನಿಲ್ಲಬೇಡ."

"ಈಗ ಯಾರನ್ನೂ ಕೇಳಂಗಿಲ್ರಿ ಅಕ್ಕಾರ" ಎಂದು ಅವನು ಫೋನ್ ಇಟ್ಟ.